ಮುಖಕ್ಕೆ ಹಚ್ಚುವ ಮುನ್ನ
(ಮಹಿಳಾ ಸಂಘಗಳ ತಾಲ್ಲೂಕು ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಆಡಿದ ಮಾತು)



ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿದ ಮೇಲೆ ನಾನು ಮುಖದ ಚರ್ಮದ ಬಗ್ಗೆ ಮಾತಾಡುತ್ತೇನೆ ಅಂದಾಗ, ಇದೇನು ಬ್ಯೂಟಿ ಪಾರ್ಲರಿನ ವಿಷಯ ಅಂತ ಕೆಲವರು ನಕ್ಕಿರಿ. ನಗಿ, ತೊಂದರೆಯಿಲ್ಲ. ಆದರೆ ಮೊದಲು ನನ್ನ ಮನೆಯ ಕಥೆ ಒಂದಿಷ್ಟು ಕೇಳಿ.

ನನ್ನ ತಂಗಿಯನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ ಅಂದರು. ಆ ‘ಸ್ವಲ್ಪ’ಕ್ಕೆ ಬೆಲೆ ಎರಡು ತೊಲ ಬಂಗಾರ ಅಂತ ಆಮೇಲೆ ಗೊತ್ತಾಯಿತು. ಮೊದಲು ಕೇಳಿದ್ದರ ಮೇಲೆ ಅಷ್ಟು ಹೆಚ್ಚಿಗೆ ಹಾಕಿ ಹೇಳಿ ಕಳಿಸಿದ್ದರು. ಅಷ್ಟು ಎಲ್ಲಿಂದ ತರುವುದು? ನಾನೇ ಔಷಧಿ ಅಂಗಡಿಗೆ ಹೋಗಿ, ಬೆಳ್ಳಗಾಗಲು ಏನಾದರೂ ಕೊಡಿ ಎಂದು ಕೇಳಿ ಒಂದು ಟ್ಯೂಬು ತಂದುಕೊಟ್ಟೆ. ಆಸ್ಪತ್ರೆಯ ಕೆಲಸಕ್ಕೆ ಸೇರಿ ಆಗಲೇ ಆರು ವರ್ಷವಾಗಿತ್ತು, ಆದರೂ ಆ ಟ್ಯೂಬಿನ ಮೇಲೆ ಏನು ಬರೆದಿದೆ ಎಂದು ಓದಲಿಲ್ಲ.

ಎರಡು ವಾರದಲ್ಲಿ ಮುಖ ಹೊಳೆಯಿತು. ಮದುವೆಯೂ ಆಯಿತು. ಹಚ್ಚುವುದನ್ನು ಬಿಟ್ಟರೆ ಮುಖ ಉರಿಯುತ್ತದೆ, ಕೆಂಪಾಗುತ್ತದೆ ಅಂತ ಅವಳು ಗಂಡನ ಮನೆಯಲ್ಲೂ ಹಾಲಿನ ದುಡ್ಡಿನಲ್ಲಿ ಉಳಿಸಿ ಕದ್ದುಮುಚ್ಚಿ ಅದನ್ನೇ ತರಿಸುತ್ತಿದ್ದಳು. ಏಳೆಂಟು ತಿಂಗಳಲ್ಲಿ ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಯಿತು, ಒಳಗಿನ ಸಣ್ಣ ನರಗಳು ಕಾಣತೊಡಗಿದವು, ಗುಳ್ಳೆ ಎದ್ದವು, ಗದ್ದದ ಮೇಲೆ ಕೂದಲು ಬಂತು. ಆಗ ಅತ್ತೆ ಅಂದದ್ದು: ‘ಚರ್ಮರೋಗ ಮುಚ್ಚಿಟ್ಟು ಮದುವೆ ಮಾಡಿದ್ದೀರಿ, ಆ ಎರಡು ತೊಲ ಈಗ ತನ್ನಿ.’

ರೋಗ ಅಲ್ಲ ಅದು. ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಈ ಹೆಸರುಗಳನ್ನು ನೆನಪಿಡಿ. ಇಸುಬಿನಂಥ ತೊಂದರೆಗೆ ಡಾಕ್ಟರು ಇಷ್ಟೇ ದಿನ ಅಂತ ಹೇಳಿ ಕೊಡುವ ಒಳ್ಳೆಯ ಔಷಧಿ ಇವು. ಬಣ್ಣಕ್ಕೆಂದು ದಿನಾ ಮುಖಕ್ಕೆ ಬಳಿದರೆ ವಿಷ. 2018ರಲ್ಲಿ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು. ಕೇಳಿದರೆ ಕೊಡುವವರು ಇನ್ನೂ ಇದ್ದಾರೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ಹೆದರಿ ಬಚ್ಚಿಡಬೇಡಿ. ಟ್ಯೂಬನ್ನು ಕೈಯಲ್ಲೇ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋಗಿ, ಬಿಡುವುದು ಹೇಗೆಂದು ಅವರು ಹೇಳುತ್ತಾರೆ. ನನ್ನ ತಂಗಿಯ ಮುಖ ಸುಧಾರಿಸಲು ಒಂದು ವರ್ಷದ ಮೇಲೆ ಹಿಡಿಯಿತು. ಇದು ಕ್ರೀಮಿನ ಪರಿಣಾಮ ಎಂದು ಡಾಕ್ಟರು ಬರೆದುಕೊಟ್ಟ ಕಾಗದ ತೋರಿಸಿದ ಮೇಲೆ ಬಂಗಾರದ ಮಾತು ನಿಂತಿತು. ಮೂದಲಿಕೆ ನಿಲ್ಲಲಿಲ್ಲ.

ಇನ್ನೊಂದು ಬಗೆ, ಹೆಸರು ವಿಳಾಸವಿಲ್ಲದ ಡಬ್ಬಿಗಳದು. ಅಂಥವುಗಳಲ್ಲಿ ಪಾದರಸ ಇರುವುದುಂಟು. ಪಾದರಸ ಬಣ್ಣವನ್ನೂ ತಿನ್ನುತ್ತದೆ, ಮೂತ್ರಪಿಂಡವನ್ನೂ ತಿನ್ನುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ತೊಂದರೆಯಿಂದ ಬಂದವರನ್ನು ವಿಚಾರಿಸಿದಾಗ ಡಾಕ್ಟರುಗಳಿಗೆ ಸಿಕ್ಕಿದ್ದು ಬಿಳುಪಿನ ಕ್ರೀಮು.

ಹಾಗಾದರೆ ಏನೂ ಹಚ್ಚಬಾರದೇ ಅಂತ ಕೇಳುತ್ತೀರಿ. ಮುಖ ತೊಳೆಯಲು ದಿನಕ್ಕೆ ಎರಡು ಸಲ ಸಾಕು, ಬಟ್ಟೆ ಸೋಪು ಬೇಡ, ಉಜ್ಜುವುದೂ ಬೇಡ. ಮೊಡವೆ ಇರುವವರು ‘ಜಿಡ್ಡು ಹೋಗಲಿ’ ಎಂದು ಐದಾರು ಸಲ ತೊಳೆದು ತಿಕ್ಕುತ್ತಾರೆ, ಅದರಿಂದ ಕೆರಳುವುದೇ ಹೆಚ್ಚು. ಕೊಬ್ಬರಿ ಎಣ್ಣೆ ತಲೆಗೆ ಒಳ್ಳೆಯದು, ಒಡೆದ ಕೈಕಾಲಿಗೂ ಒಳ್ಳೆಯದು. ಮೊಡವೆಯ ಮುಖಕ್ಕೆ ಮಾತ್ರ ಬೇಡ, ರಂಧ್ರ ಮುಚ್ಚಿಕೊಳ್ಳುತ್ತದೆ. ಚಿವುಟಿದರೆ ಕಲೆ ನಿಲ್ಲುತ್ತದೆ. ಮೊಡವೆಯ ಮುಲಾಮು ಕೆಲಸ ಮಾಡಲು ಆರರಿಂದ ಎಂಟು ವಾರ ಬೇಕು. ಮೊಡವೆಯ ಜೊತೆಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಕತ್ತಿನ ಹಿಂದೆ ಕಪ್ಪು ದಪ್ಪಗಾಗಿದ್ದರೆ, ಅದು ಕೊಳೆ ಅಲ್ಲ. ಹುಡುಗಿಯನ್ನು ಬೈದು ತಿಕ್ಕಿಸುವ ಬದಲು ಸಕ್ಕರೆ ಪರೀಕ್ಷೆ ಮಾಡಿಸಿ.

ನಿಂಬೆಹಣ್ಣು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ. ಮನೆಯದು ಅಂದ ಮಾತ್ರಕ್ಕೆ ಎಲ್ಲ ಸೌಮ್ಯ ಅಲ್ಲ. ಬೇಗ ತುರಿಸುವ ಚರ್ಮದವರು ಅರಿಶಿನವಾಗಲಿ, ಅಂಗಡಿಯದಾಗಲಿ, ಹೊಸದನ್ನು ಮೊಣಕೈಯ ಒಳಮಡಿಕೆಗೆ ಒಂದು ವಾರ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ. ಸ್ಟಿಕ್ಕರ್ ಬೊಟ್ಟಿನ ಅಂಟಿನಿಂದಲೂ ಕೆಲವರಿಗೆ ಹಣೆಯಲ್ಲಿ ತುರಿಕೆ ಬಂದು, ಆ ಜಾಗ ಬೆಳ್ಳಗಾಗುತ್ತದೆ. ಅದನ್ನು ಕಂಡು ತೊನ್ನು ಅಂಟಿಕೊಂಡಿತು ಎಂದು ದೂರ ಕೂರಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಮೊದಲು ಆ ಸ್ಟಿಕ್ಕರ್ ಬಿಡಿ, ಡಾಕ್ಟರಿಗೆ ತೋರಿಸಿ. ಅಂದಹಾಗೆ, ನಿಜವಾದ ತೊನ್ನು ಕೂಡ ಅಂಟುವ ರೋಗವಲ್ಲ.

ಸುಕ್ಕಿನ ವಿಷಯ ವಯಸ್ಸಾದವರು ಕೇಳಿದಿರಿ. ನಿಮ್ಮ ರವಿಕೆಯ ತೋಳನ್ನು ಸ್ವಲ್ಪ ಮೇಲೆ ಸರಿಸಿ ನೋಡಿ. ಅಲ್ಲಿನ ಚರ್ಮಕ್ಕೂ ಮುಖದ ಚರ್ಮಕ್ಕೂ ಒಂದೇ ವಯಸ್ಸು. ಅದು ನಯವಾಗಿದೆ, ಇದು ಸುಕ್ಕಾಗಿದೆ. ಹೆಚ್ಚಿನ ಪಾಲು ಬಿಸಿಲಿನದು. ಬಂಗು ಬಸಿರಿನಲ್ಲಿ ಬರುತ್ತದೆ, ಬಿಸಿಲಿಗೆ ಕಪ್ಪಾಗುತ್ತದೆ. ಕಳೆ ಕೀಳುವವರಿಗೆ ಬಿಸಿಲು ತಪ್ಪಿಸಿ ಅಂದರೆ ಸಿಟ್ಟು ಬಂದೀತು. ಸೆರಗು ಹಣೆಯ ಮುಂದಕ್ಕೆ ಬರಲಿ, ಅಗಲ ಅಂಚಿನ ಟೋಪಿ ಸಿಕ್ಕರೆ ಇನ್ನೂ ಒಳ್ಳೆಯದು. ಕೊಳ್ಳಲು ಆಗುವವರು ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಕೊಳ್ಳಿ. ಒಣಗಿದ ಚರ್ಮಕ್ಕೆ ಸ್ನಾನವಾದ ಕೂಡಲೇ, ಒದ್ದೆ ಪೂರ್ತಿ ಆರುವ ಮುನ್ನ ತೆಳ್ಳಗೆ ವ್ಯಾಸಲಿನ್ ಸವರಿದರೆ ಸಾಕು.

ಕೊನೆಗೊಂದು. ಮುಖದ ಮೇಲಿನ ಕಲೆಗಳೆಲ್ಲ ಮೊಡವೆಯವಲ್ಲ. ಪೌಡರು ದಪ್ಪಗೆ ಹಚ್ಚಿಕೊಂಡು ಬಂದವಳನ್ನು ಕಂಡರೆ ಎಲ್ಲರೆದುರು ಕೇಳಬೇಡಿ, ಪಕ್ಕಕ್ಕೆ ಕರೆದು ಕೇಳಿ. ಬಣ್ಣ ಹಿಡಿದು ದಿನಾ ಹಂಗಿಸುವುದೂ, ಅವಮಾನ ಮಾಡುವುದೂ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ ಹಿಂಸೆಯೇ. 181ಕ್ಕೆ ಫೋನ್ ಮಾಡಬಹುದು, ನಮ್ಮ ಸಂಘಕ್ಕೂ ಬರಬಹುದು.

ಮುಂದಿನ ಸಭೆಗೆ ಮನೆಯಲ್ಲಿರುವ ಟ್ಯೂಬು, ಡಬ್ಬಿ ಎಲ್ಲ ತನ್ನಿ, ಮಗಳ ದಿಂಬಿನ ಕೆಳಗಿರುವುದನ್ನೂ ಕೇಳಿ ತನ್ನಿ. ಒಂದೊಂದಾಗಿ ಓದೋಣ. ಅಕ್ಷರ ತುಂಬ ಸಣ್ಣಗಿರುತ್ತದೆ, ಹೈಸ್ಕೂಲು ಓದುವ ಮಕ್ಕಳಿದ್ದರೆ ಜೊತೆಗೆ ಕರೆದುಕೊಂಡು ಬನ್ನಿ.