ತಾಲೂಕಿಗೆ ರ‍್ಯಾಂಕ್ ಕೊಟ್ಟರೆ ಶಾಲೆ ಗೊತ್ತಾಗುತ್ತಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮಂಥ ಸುದ್ದಿ ಚಾನೆಲ್‌ಗಳ ಕೆಲಸ ಬಹಳ ಸುಲಭ. ಯಾವ ಜಿಲ್ಲೆ ಫಸ್ಟು, ಯಾವುದು ಲಾಸ್ಟು ಅಂತ ಪಟ್ಟಿ ಓದಿದರೆ ಆಯ್ತು. ಮಂಡ್ಯ ಜಿಲ್ಲೆಯಲ್ಲಿ ಇದೇ ಲೆಕ್ಕ ತಾಲೂಕಿಗೂ ಇಳಿಯುತ್ತೆ. ಶ್ರೀರಂಗಪಟ್ಟಣ ಮುಂದೋ, ಪಾಂಡವಪುರ ಮುಂದೋ? ಕೆ.ಆರ್. ಪೇಟೆ ಎಷ್ಟು, ನಾಗಮಂಗಲ ಎಷ್ಟು? ಇವತ್ತು ನಾನು ಕೇಳೋದು ಒಂದೇ ಪ್ರಶ್ನೆ: ಈ ಪಟ್ಟಿ ನೋಡಿ ನಿಮ್ಮೂರಿನ ಸರ್ಕಾರಿ ಶಾಲೆ ಹೇಗಿದೆ ಅಂತ ಹೇಳೋಕಾಗುತ್ತಾ?

2023ರಲ್ಲಿ ಮಂಡ್ಯ ಜಿಲ್ಲೆ ಶೇ 96.74 ಫಲಿತಾಂಶದೊಂದಿಗೆ ರಾಜ್ಯಕ್ಕೇ ಎರಡನೇ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯ್ತು. ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ಮೊದಲ ಮೂರು ಸ್ಥಾನ ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗಕ್ಕೆ ಹೋದವು. ಮಂಡ್ಯ ಆ ಮೂರರಲ್ಲಿ ಇರಲಿಲ್ಲ. ಒಂದೇ ವರ್ಷದಲ್ಲಿ ನಮ್ಮ ಮೇಷ್ಟ್ರುಗಳು ಪಾಠ ಮಾಡೋದು ಮರೆತುಬಿಟ್ಟರಾ? ಮಕ್ಕಳು ದಡ್ಡರಾಗಿಬಿಟ್ಟರಾ? ಇಲ್ಲ ಸ್ವಾಮಿ. ಅಳತೆಗೋಲು ಬದಲಾಯ್ತು, ಅಷ್ಟೇ.

ಈಗ ನಾಲ್ಕು ತಾಲೂಕು ನೋಡಿ. ಶ್ರೀರಂಗಪಟ್ಟಣಕ್ಕೆ ಮೈಸೂರು ಕೂಗಳತೆ ದೂರ. ಬೆಳಗ್ಗೆ ಖಾಸಗಿ ಶಾಲೆಯ ವ್ಯಾನು ಬಂದರೆ ಅನುಕೂಲಸ್ಥರ ಮಕ್ಕಳು ಹತ್ತಿ ಹೋಗ್ತಾರೆ. ಸರ್ಕಾರಿ ಶಾಲೆಯಲ್ಲಿ ಉಳಿಯೋದು ಕೂಲಿಯವರ ಮಕ್ಕಳು. ಪಾಂಡವಪುರದ ನಾಲೆ ಬಯಲಿನಲ್ಲಿ ಕಬ್ಬು ಕಡಿಯೋಕೆ ಹೊರಗಿನಿಂದ ಕುಟುಂಬಗಳು ಬರ್ತವೆ. ಆ ಮಕ್ಕಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ? ಕೆ.ಆರ್. ಪೇಟೆಯಿಂದ ಮುಂಬೈಗೆ ದುಡಿಯೋಕೆ ಹೋದವರು ಸಾವಿರಾರು ಜನ. ಅಪ್ಪ ಅಮ್ಮ ಅಲ್ಲಿ, ಮಗು ಇಲ್ಲಿ ಅಜ್ಜಿ ಹತ್ತಿರ. ನಾಗಮಂಗಲದ ಬಹುಪಾಲು ಮಳೆ ನಂಬಿದ ರಾಗಿ ಸೀಮೆ. ಊರು ಚದುರಿವೆ, ಶಾಲೆಗಳೂ ಚಿಕ್ಕವು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ತರಗತಿ ಐದು, ಮೇಷ್ಟ್ರು ಇಬ್ಬರು. ಅವರಲ್ಲೊಬ್ಬರು ಗಣತಿಗೋ ಚುನಾವಣೆ ಕೆಲಸಕ್ಕೋ ಹೋದ ದಿನ ಏನಾಗುತ್ತೆ ಅಂತ ನೀವೇ ಯೋಚಿಸಿ.

ಇಂಥ ಶಾಲೆಯನ್ನೂ ಪೇಟೆ ಮಗ್ಗುಲಿನ ಶಾಲೆಯನ್ನೂ ಒಂದೇ ತಕ್ಕಡಿಗೆ ಹಾಕಿ ಶೇಕಡಾ ಲೆಕ್ಕ ಹೇಳಿದರೆ ಅದು ನ್ಯಾಯವಾ? ಇನ್ನೂ ಒಂದು ಅಪಾಯ ಇದೆ. ರ‍್ಯಾಂಕಿನ ಒತ್ತಡ ಮೇಲಿನಿಂದ ಬಂದಾಗ, ಓದಿನಲ್ಲಿ ಹಿಂದಿರುವ ಹುಡುಗನೇ ಶಾಲೆಗೆ ಭಾರವಾಗಿ ಕಾಣ್ತಾನೆ. ಅವನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟರೆ ಫಲಿತಾಂಶ ಕೆಡೋದಿಲ್ಲ, ಅವನ ಬದುಕು ಕೆಡುತ್ತೆ. ಆ ಲೆಕ್ಕ ಪಟ್ಟಿಯಲ್ಲಿ ಬರಲ್ಲ.

ಹಾಗಾದರೆ ಹೋಲಿಕೆ ಬೇಡವಾ? ಬೇಕು, ಖಂಡಿತ ಬೇಕು. ಆದರೆ ಬೇರೆ ವಿಷಯ ಹೋಲಿಸಿ. ಮೂರನೇ ಕ್ಲಾಸಿನ ಮಗು ಕನ್ನಡದ ಒಂದು ಪುಟ ತಡವರಿಸದೆ ಓದುತ್ತಾ? ಐದನೇ ಕ್ಲಾಸಿನ ಮಗುವಿಗೆ ಭಾಗಾಕಾರ ಬರುತ್ತಾ? ಜೂನ್‌ನಲ್ಲಿ ಶಾಲೆ ಬಾಗಿಲು ತೆಗೆದಾಗ ಅತಿಥಿ ಶಿಕ್ಷಕರು ಬಂದಿದ್ದರಾ, ಇಲ್ಲಾ ತಿಂಗಳುಗಟ್ಟಲೆ ಕಾಯಬೇಕಾಯ್ತಾ? ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತಾ? ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಎಷ್ಟು ಜನ ಹತ್ತನೇ ಕ್ಲಾಸು ಮುಟ್ಟಿದರು? ಈ ಐದು ಪ್ರಶ್ನೆಗೆ ನಾಲ್ಕೂ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು ವರ್ಷಕ್ಕೊಮ್ಮೆ ಶಾಲಾವಾರು ಉತ್ತರ ಪ್ರಕಟಿಸಲಿ. ಆಗ ಸ್ಪರ್ಧೆ ಮಾಡೋಣ.

ಕಡೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ಊರಿನ ಶಾಲೆಗೆ ಎಸ್‌ಡಿಎಂಸಿ ಅಂತ ಒಂದು ಸಮಿತಿ ಇದೆ. ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಮುಂದಿನ ಸಭೆ ಯಾವಾಗ ಅಂತ ನಾಳೆಯೇ ಹೋಗಿ ಕೇಳಿ. ಸಭೆಯಲ್ಲಿ ಕೂತು ಈ ಐದು ಪ್ರಶ್ನೆ ಇಡಿ. ಉತ್ತರ ಸಿಗದಿದ್ದರೆ ಬಿಇಒ ಕಚೇರಿಗೆ ಬರೆದುಕೊಡಿ. ಮೇ ತಿಂಗಳಲ್ಲಿ ಟಿವಿ ಮುಂದೆ ಕೂತು ನಮ್ಮ ಪಟ್ಟಿ ನೋಡೋದಕ್ಕಿಂತ ಅದರಿಂದ ನಿಮ್ಮ ಮಗುವಿಗೆ ಹೆಚ್ಚು ಉಪಯೋಗ.