ಮನಸ್ಸಿನ ನೋವು, ಮಿತ್ರರ ಹೊಣೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಪ್ರತಿ ವರ್ಷ ನಮ್ಮ ಕುಡಚಿಯ ರೈಲು ನಿಲ್ದಾಣದಿಂದ ಮಕ್ಕಳು ಬೆಳಗಾವಿ, ಧಾರವಾಡ, ಮಿರಜ ಕಡೆಗೆ ಕಾಲೇಜು ಕಲಿಯಲು ಹೊರಡುತ್ತಾರೆ. ಹಾಸಿಗೆ, ಬಟ್ಟೆ, ಬುತ್ತಿ ಎಲ್ಲವನ್ನೂ ಕಟ್ಟಿ ಕೊಡುತ್ತೇವೆ. ಆದರೆ ಅಲ್ಲಿ ಮನಸ್ಸು ಕುಗ್ಗಿದರೆ ಯಾರ ಬಳಿ ಹೋಗಬೇಕೆಂಬುದನ್ನು ಮಾತ್ರ ಹೇಳಿಕೊಡುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹತ್ತನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದವನು. ಮುಂದೆ ದೂರದ ಊರಿನ ಕಾಲೇಜು ಸೇರಿದ. ಅವನ ಇಂಗ್ಲಿಷಿಗೂ ನಕ್ಕರು, ಕನ್ನಡಕ್ಕೂ ನಕ್ಕರು. ಹಿಂದಿನ ಬೆಂಚಿಗೆ ಸರಿದ, ಊಟ ಬಿಟ್ಟ, ನಿದ್ದೆಯೂ ಹೋಯಿತು. ಎರಡೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿ ಊರಿಗೆ ಬಂದ. ಮನೆಯವರು ನಜರ್ ಆಗಿದೆಯೆಂದು ತಾಯತ ಕಟ್ಟಿಸಿದರು. ಓಣಿಯವರು ಓದಲು ಮನಸ್ಸಿಲ್ಲ ಎಂದರು. ಹುಡುಕಿಕೊಂಡು ಬಂದವರು ಅವನ ಕೋಣೆಯ ಇಬ್ಬರು ಗೆಳೆಯರು. ವೈದ್ಯರಿಗೆ ತೋರಿಸಿ, ಜೊತೆಯಲ್ಲೇ ಕಾಲೇಜಿಗೆ ಕರೆದೊಯ್ದರು. ಇಂದು ಅವನು ಪದವೀಧರ.

ಎಲ್ಲರಿಗೂ ಇಂಥ ಗೆಳೆಯರು ಸಿಗುವುದಿಲ್ಲ. 2016ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ, 2019ರಲ್ಲಿ ಮುಂಬೈಯಲ್ಲಿ ಸ್ನಾತಕೋತ್ತರ ವೈದ್ಯಕೀಯ ಓದುತ್ತಿದ್ದ ಆದಿವಾಸಿ ಮುಸ್ಲಿಂ ಕುಟುಂಬದ ಡಾ. ಪಾಯಲ್ ತಡವಿ ಪ್ರಾಣ ಕಳೆದುಕೊಂಡರು. ಭೇದಭಾವ ನಡೆದಿತ್ತೆಂಬ ದೂರು ಎದ್ದಿತು. ದೇಶದ ಅನೇಕ ಕಡೆ ವಿದ್ಯಾರ್ಥಿಗಳು ಬೀದಿಗಿಳಿದರು. ರಾಧಿಕಾ ವೇಮುಲ ಮತ್ತು ಆಬೇದಾ ತಡವಿ ಎಂಬ ಆ ಇಬ್ಬರು ತಾಯಂದಿರು 2019ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ತಮ್ಮ ಮಕ್ಕಳಂತೂ ಮರಳಿ ಬರುವುದಿಲ್ಲ, ಬೇರೆಯವರ ಮಕ್ಕಳಾದರೂ ಉಳಿಯಲಿ ಎಂಬುದೇ ಆ ಹೋರಾಟದ ಅರ್ಥ.

ಇನ್ನೊಂದು ಪ್ರಕರಣದಲ್ಲಿ ಇದೇ ನ್ಯಾಯಾಲಯ 2025ರ ಜುಲೈನಲ್ಲಿ ಸ್ಪಷ್ಟ ಮಾರ್ಗಸೂಚಿ ನೀಡಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಲಹೆಗಾರರಾದರೂ ಇರಬೇಕು. ಸಹಾಯವಾಣಿಯ ಸಂಖ್ಯೆ ಹಾಸ್ಟೆಲ್, ತರಗತಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಕಾಲೇಜಿನಲ್ಲಿ ಇವು ಇವೆಯೇ? ಇಲ್ಲದಿದ್ದರೆ ಹತ್ತು ಜನ ಸೇರಿ ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ಸಹಿ ಹಾಕಿ, ಸ್ವೀಕೃತಿ ಪಡೆಯಿರಿ. ಕೂಗಾಡಬೇಕಿಲ್ಲ, ಹಕ್ಕನ್ನು ವಿನಯದಿಂದ, ಬಿಡದೆ ಕೇಳುವುದೂ ಹೋರಾಟವೇ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ನ್ನು ಇಂದೇ ಬರೆದಿಟ್ಟುಕೊಳ್ಳಿರಿ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದು ಮಾತು. ನಮ್ಮ ಭಾಷೆಗೆ, ಉಡುಪಿಗೆ ಯಾರೂ ನಗಬಾರದೆಂದು ಕೇಳುವ ನಾವು, ಅಂಗವಿಕಲ ಸಹಪಾಠಿಗೆ, ದಲಿತ ಗೆಳೆಯನಿಗೆ, ನಮ್ಮಲ್ಲೇ ಬಡವನಾದವನಿಗೆ ನಗುತ್ತಿಲ್ಲವೇ? ನಾವು ಮೊದಲು ಬೆಂಚಿನಲ್ಲಿ ಜಾಗ ಬಿಡೋಣ.

ಪೋಷಕರೇ, ಮನಸ್ಸಿನ ಕಾಯಿಲೆ ಈಮಾನಿನ ಕೊರತೆಯಲ್ಲ. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೈಕೆಯ ಬಗ್ಗೆಯೂ ಒಂದೇ ಗ್ರಂಥದಲ್ಲಿ ಬರೆದಿದ್ದರು. ಮೊದಲು ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬುದು ಪ್ರವಾದಿಯವರ (ಸ) ಬೋಧನೆ. ದುಆ ಮಾಡಿರಿ, ವೈದ್ಯರಿಗೂ ತೋರಿಸಿರಿ. ಇಂದು ರಾತ್ರಿ ಮಗುವಿಗೆ ಫೋನ್ ಮಾಡಿದಾಗ ಅಂಕಗಳಿಗಿಂತ ಮೊದಲು, "ಮನಸ್ಸು ಹೇಗಿದೆ?" ಎಂದು ಕೇಳಿರಿ.

ಒಬ್ಬರಿಗೊಬ್ಬರು ಆಸರೆಯಾಗುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.