ಎರಡು ಫೇಸುಗಳ ನಡುವಿನ ಕಾಯಿಲು
(ಗಣಿತ ಮತ್ತು ವಿಜ್ಞಾನ ಶಿಕ್ಷಕರಿಗೆ ನೀಡಿದ ಉಪನ್ಯಾಸದ ಪಾಠ)



ಮಡಕಶಿರಾ, ಜತ್ತ, ತಾಳವಾಡಿ ಸೀಮೆಗಳ ಕನ್ನಡ ಶಾಲೆಗಳಲ್ಲಿ ಕಲಿಯುವ ಅನೇಕ ಮಕ್ಕಳು ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಯನ್ನು ದಿನವೂ ಕಂಡವರು. ಅಲ್ಲಿಗೆ ಬರುವ ಮೆಕ್ಯಾನಿಕ್ ತೆಲುಗು, ಮರಾಠಿ, ತಮಿಳುಗಳಲ್ಲಿ ಯಾವುದನ್ನಾಡಿದರೂ ಫೇಸ್, ಕಾಯಿಲ್ ಎಂಬ ಮಾತುಗಳು ಬದಲಾಗುವುದಿಲ್ಲ. ಪಠ್ಯಪುಸ್ತಕದ ತಂತಿಸುರುಳಿಯೇ ಆ ಪೆಟ್ಟಿಗೆಯ ಕಾಯಿಲು ಎಂಬುದನ್ನು ಮೊದಲು ತಿಳಿಸಿದರೆ, ಮಗುವಿನ ಅನುಭವ ಪಾಠದೊಳಗೆ ಬರುತ್ತದೆ.

ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಿದಾಗ ಕಾಯಿಲಿನಲ್ಲಿ ವಿದ್ಯುತ್ ಹರಿದು ಅದರ ಕಬ್ಬಿಣದ ತಿರುಳು ಅಯಸ್ಕಾಂತವಾಗುತ್ತದೆ. ಅದು ಎದುರಿನ ಕಬ್ಬಿಣದ ತುಂಡನ್ನು ಸೆಳೆದು ಮೂರು ಫೇಸುಗಳ ಸಂಪರ್ಕವನ್ನೂ ಒಟ್ಟಿಗೆ ಮುಚ್ಚುತ್ತದೆ. ಬೆರಳು ತೆಗೆದ ಮೇಲೂ ಒಂದು ಸಹಾಯಕ ಸಂಪರ್ಕವು ಕಾಯಿಲಿಗೆ ವಿದ್ಯುತ್ ಒದಗಿಸುತ್ತಿರುತ್ತದೆ. ಕರೆಂಟು ಹೋದೊಡನೆ ಹಿಡಿತ ಸಡಿಲುತ್ತದೆ. ಕರೆಂಟು ಮರಳಿದಾಗ ಮೋಟರು ತಾನಾಗಿ ತಿರುಗದು. ಮೂರು ಫೇಸಿನ ಮೋಟರಿಗೆ ನ್ಯೂಟ್ರಲ್ ತಂತಿ ಬೇಕಿಲ್ಲವಾದ್ದರಿಂದ ಪಂಪಿನ ಕಾಯಿಲನ್ನು ಸಾಮಾನ್ಯವಾಗಿ ಎರಡು ಫೇಸುಗಳ ನಡುವೆಯೇ ಜೋಡಿಸುತ್ತಾರೆ.

ಈಗ ಪ್ರಶ್ನೆ: ಪ್ರತಿ ಫೇಸಿಗೂ ನ್ಯೂಟ್ರಲಿಗೂ ನಡುವೆ 240 ವೋಲ್ಟ್ ಇದ್ದರೆ, ಎರಡು ಫೇಸುಗಳ ನಡುವೆ ಎಷ್ಟು? 480 ಎಂದು ಕೆಲವರು ಹೇಳುವರು. ಎರಡೂ ಸಮವಾದ್ದರಿಂದ ಸೊನ್ನೆ ಎಂದು ಕೆಲವರು. ಎರಡೂ ತಪ್ಪು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಮೂರು ಫೇಸುಗಳು ಒಂದೇ ಕ್ಷಣದಲ್ಲಿ ಶಿಖರವನ್ನು ಮುಟ್ಟುವುದಿಲ್ಲ. ಒಂದರ ಹಿಂದೆ ಒಂದು, ಆವರ್ತದ ಮೂರನೆಯ ಒಂದು ಭಾಗದಷ್ಟು, ಅಂದರೆ 120 ಡಿಗ್ರಿ ತಡವಾಗಿ ಮುಟ್ಟುತ್ತವೆ.

ಇದನ್ನು ತೋರಿಸಲು ವಿದ್ಯುತ್ ಬೇಡ, ಕೈವಾರ ಸಾಕು. 1 ಸೆಂ.ಮೀ.ಗೆ 40 ವೋಲ್ಟ್ ಎಂಬ ಪ್ರಮಾಣದಲ್ಲಿ 6 ಸೆಂ.ಮೀ. ತ್ರಿಜ್ಯದ ವೃತ್ತವನ್ನು ಮಕ್ಕಳು ಎಳೆಯಲಿ. ಕೇಂದ್ರವೇ ನ್ಯೂಟ್ರಲ್. ಕೈವಾರದ ಅಳತೆಯನ್ನು ಬದಲಿಸದೆ ಪರಿಧಿಯ ಮೇಲೆ ಆರು ಗುರುತುಗಳನ್ನು ಹಾಕಿ, ಒಂದು ಬಿಟ್ಟು ಒಂದಕ್ಕೆ ಕೆಂಪು, ಹಳದಿ, ನೀಲಿ ಎಂದು ಹೆಸರಿಡಲಿ. ಕೆಂಪಿನಿಂದ ಹಳದಿಗೆ ಎಳೆದ ಜ್ಯಾ ಸುಮಾರು 10.4 ಸೆಂ.ಮೀ. ಬರುತ್ತದೆ, ಅದನ್ನು 40ರಿಂದ ಗುಣಿಸಿದರೆ 416. ಪಟ್ಟಿಯ ಮೇಲೆ 415 ವೋಲ್ಟ್ ಎಂದು ಬರೆದಿರುವುದು ಇದನ್ನೇ. ತ್ರಿಜ್ಯಕ್ಕೂ ಈ ಜ್ಯಾಕ್ಕೂ ಇರುವ ಅನುಪಾತ ಮೂರರ ವರ್ಗಮೂಲ, ಸುಮಾರು 1.732. ಫೇಸಿಗೆ 230 ಎಂದು ಹಿಡಿದರೆ ಉತ್ತರ 400ರ ಹತ್ತಿರ ಬರುವುದು. ಅನುಪಾತ ಮಾತ್ರ ಅದೇ.

ಈ ಅನುಪಾತ ಕಾಗದದಲ್ಲಿ ಉಳಿಯುವುದಲ್ಲ. 240 ವೋಲ್ಟಿನ ಕಾಯಿಲನ್ನು ಎರಡು ಫೇಸುಗಳ ನಡುವೆ ಜೋಡಿಸಿದರೆ ಅದು ಮಿತಿಮೀರಿ ಕಾದು ಬೇಗನೆ ಸುಟ್ಟುಹೋಗುತ್ತದೆ. 415ರ ಕಾಯಿಲಿಗೆ 240 ಮಾತ್ರ ಕೊಟ್ಟರೆ ಸೆಳೆತ ಸಾಲದೆ ಸಂಪರ್ಕಗಳು ಮುಚ್ಚದಿರಬಹುದು, ಇಲ್ಲವೇ ಗರಗರನೆ ಅದುರಬಹುದು.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕಾಯಿಲು ಕೆಂಪು, ಹಳದಿ ಫೇಸುಗಳ ನಡುವೆ ಇದ್ದರೆ ನೀಲಿಯ ಸುದ್ದಿ ಅದಕ್ಕೆ ತಿಳಿಯದು. ನೀಲಿ ಫೇಸು ಕಡಿದರೂ ಕಾಯಿಲು ಹಿಡಿದೇ ಇರುತ್ತದೆ. ಮೋಟರು ಉಳಿದ ಎರಡರಿಂದಲೇ ಹೆಚ್ಚು ವಿದ್ಯುತ್ತನ್ನು ಎಳೆದು ಕಾಯುತ್ತದೆ. ಕಾಯಿಲಿನದೇ ಫೇಸು ಕಡಿದರೂ ತಿರುಗುತ್ತಿರುವ ಮೋಟರು ಆ ತಂತಿಯಲ್ಲಿ ವೋಲ್ಟೇಜನ್ನು ಹುಟ್ಟಿಸುವುದರಿಂದ ಕಾಯಿಲು ಕೆಲವೊಮ್ಮೆ ಬಿಡುವುದಿಲ್ಲ. ಆದ್ದರಿಂದಲೇ ಓವರ್‌ಲೋಡ್ ರಿಲೇ ಮತ್ತು ಫೇಸು ತಪ್ಪಿದರೆ ಮೋಟರನ್ನು ನಿಲ್ಲಿಸುವ ಸಾಧನ ಬೇಕು. ಪದೇಪದೇ ನಿಲ್ಲುತ್ತದೆಂದು ಅವನ್ನು ತಪ್ಪಿಸಿ ತಂತಿ ಜೋಡಿಸುವವರು ಒಂದು ದಿನದ ನೀರಿಗಾಗಿ ಮೋಟರನ್ನೇ ಪಣಕ್ಕಿಡುತ್ತಾರೆ.

ಪ್ರಾಣಕ್ಕೆ ಸಂಬಂಧಿಸಿದ ಮಾತು ಕೊನೆಯದು. ಇಂತಹ ಕಾಯಿಲಿನ ಎರಡು ತುದಿಗಳೂ ಫೇಸಿಗೆ ಸೇರಿದವು; ಅಪಾಯವಿಲ್ಲದ ತುದಿ ಅದರಲ್ಲಿಲ್ಲ. ಕೆಂಪು ಗುಂಡಿ ಸಾಮಾನ್ಯವಾಗಿ ಒಂದು ಕಡೆಯನ್ನಷ್ಟೇ ಕಡಿಯುತ್ತದೆ. ಮೋಟರು ನಿಂತಿದ್ದರೂ ಪೆಟ್ಟಿಗೆಯೊಳಗೆ ವಿದ್ಯುತ್ ಇದ್ದೇ ಇರುತ್ತದೆ. ಒಂದು ಫ್ಯೂಸು ತೆಗೆದ ಮಾತ್ರಕ್ಕೆ ಆ ತಂತಿ ಸತ್ತಿತೆನ್ನಲಾಗದು. ಕಾಯಿಲಿನ ಮೂಲಕ ಮತ್ತೊಂದು ಫೇಸು ಅಲ್ಲಿಗೆ ತಲುಪಿರಬಹುದು. ಮೇನ್ ಸ್ವಿಚ್ಚನ್ನು ಆರಿಸಿ ಮೂರು ತಂತಿಗಳನ್ನೂ ಪರೀಕ್ಷಿಸಿದ ಬಳಿಕವೇ, ಕೆಲಸ ಬಲ್ಲವರು ಮಾತ್ರ ಪೆಟ್ಟಿಗೆಗೆ ಕೈಹಾಕಬೇಕು. ಮಕ್ಕಳು ಮುಟ್ಟಲೇ ಕೂಡದು.

ತರಗತಿಯ ಪ್ರಯೋಗ ಬ್ಯಾಟರಿ, ಮೊಳೆ, ತಂತಿಗಳಿಗೆ ಸೀಮಿತವಾಗಲಿ; ಮೂರು ಫೇಸಿನ ಪಾಠ ಕೈವಾರ, ಅಳತೆಪಟ್ಟಿಗಳಲ್ಲೇ ನಡೆಯಲಿ. ವೃತ್ತ ಎಳೆದು ಆ ಜ್ಯಾವನ್ನು ಅಳೆದ ಮಗು ಮನೆಗೆ ಹೋಗಿ, "ಅಪ್ಪಾ, ನಮ್ಮ ಸ್ಟಾರ್ಟರು ಮೂರನೆಯ ಫೇಸನ್ನೂ ಕಾಯುತ್ತದೆಯೇ?" ಎಂದು ಕೇಳಿದರೆ ಪಾಠ ಸಾರ್ಥಕವಾದಂತೆ. ಆ ಪ್ರಶ್ನೆಯನ್ನು ಮಗು ತನ್ನ ಮನೆಮಾತಿನಲ್ಲಿ ಕೇಳುವಂತಾಗಲಿ.